ಬಸ್ಸಿನಲ್ಲಿ ಗಡಿ ದಾಟೋದಕ್ಕೆ ವಿಮಾನದ ವೀಸಾ ತೆಗೆದ ಕಥೆ

ಹುಬ್ಬಳ್ಳಿಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಹಣಿ, ಪಾನ್ ಕಾರ್ಡ್, ಪಾಸ್‌ಪೋರ್ಟ್ ಅಂತ ದಿನಾ ಹತ್ತಾರು ಜನರ ಅರ್ಜಿ ತುಂಬಿಕೊಡುತ್ತೇನೆ. ಊರವರ ಅರ್ಜಿಯಲ್ಲಿ ಒಂದಕ್ಷರ ತಪ್ಪದವನು ನನ್ನ ಸ್ವಂತ ವೀಸಾ ಅರ್ಜಿಯಲ್ಲಿ ಎಡವಿ 50 ಡಾಲರ್ ಕಳಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪ್ಲಾನ್ ಬೇರೆನೇ ಇತ್ತು. ಬ್ಯಾಂಕಾಕ್‌ಗೆ ಇಳಿದು, ಬಸ್ಸಿನಲ್ಲಿ ಪೋಯಿಪೆಟ್ ಗಡಿ ದಾಟಿ, ಕಾಂಬೋಡಿಯಾದ ಅಂಕೋರ್ ವಾಟ್ ನೋಡೋದು. ಆದರೆ 2025ರ ಜೂನ್‌ನಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ಎರಡೂ ದೇಶಗಳ ಜಗಳ ಜೋರಾಗಿ ಆ ಗಡಿ ಪ್ರವಾಸಿಗರಿಗೆ ಬಂದ್ ಆಯಿತು, ಜುಲೈನಲ್ಲಂತೂ ಗುಂಡು ಹಾರಿದವು. ಸರಿ, ಕಾಂಬೋಡಿಯಾಕ್ಕೆ ವಿಮಾನದಲ್ಲೇ ಹೋಗೋಣ, ಅಂಕೋರ್ ನೋಡಿಕೊಂಡು ನೋಮ್ ಪೆನ್‌ನಿಂದ ಬಸ್ಸಿನಲ್ಲಿ ವಿಯೆಟ್ನಾಂನ ಹೋ ಚಿ ಮಿನ್ ನಗರಕ್ಕೆ ದಾಟಿ, ಅಲ್ಲಿಂದ ವಾಪಸ್ ವಿಮಾನ ಹಿಡಿಯೋಣ ಅಂತ ನಾನೂ ನನ್ನ ಹೆಂಡತಿಯೂ ನವೆಂಬರ್‌ಗೆ ಲೆಕ್ಕ ಹಾಕಿದೆವು.

ಗದಗದಲ್ಲಿರುವ ಸೋದರಮಾವ ನಕ್ಕುಬಿಟ್ಟರು. "ಪಶುಪತಿನಾಥಕ್ಕ ಹೋದಾಗ ಗೋರಖ್‌ಪುರದಿಂದ ಸುನೌಲಿಗೆ ಹೋಗಿ ನಡಕೊಂತನ ನೇಪಾಳದಾಗ ಕಾಲಿಟ್ವಿ. ಓಟರ್ ಐಡಿ ತೋರಿಸಿದ್ವಿ, ಬಿಟ್ರು. ನಿಂದೇನೋ ಇಷ್ಟ್ ದೊಡ್ಡ ಗದ್ದಲ?" ಅಂದರು. ನೇಪಾಳದ ಮಟ್ಟಿಗೆ ಅವರ ಮಾತು ಖರೆ. ನಮಗೆ ಅಲ್ಲಿ ವೀಸಾ ಬೇಡ, ಮತದಾರರ ಚೀಟಿ ಇದ್ದರೆ ಸಾಕು. ಆದರೆ ಎಲ್ಲಾ ಗಡಿಯೂ ಸುನೌಲಿ ಅಲ್ಲವಲ್ಲ!

ಕಾಂಬೋಡಿಯಾದ್ದು ಸುಲಭ. ಭಾರತೀಯರಿಗೆ ಇಳಿದ ಮೇಲೂ ವೀಸಾ ಕೊಡುತ್ತಾರೆ, ಪ್ರವಾಸಿ ವೀಸಾಕ್ಕೆ 30 ಡಾಲರ್, 30 ದಿನ ಇರಬಹುದು. ನಾವು ಮನೆಯಲ್ಲೇ ಕೂತು ಇ-ವೀಸಾ ಮಾಡಿಕೊಂಡೆವು, ಅದಕ್ಕೆ ಮೇಲೆ ಒಂದಿಷ್ಟು ಸಂಸ್ಕರಣಾ ಶುಲ್ಕ ಬೀಳುತ್ತದೆ. ವಿಮಾನದಲ್ಲಿ ಹೋಗುವವರು ಇ-ಅರೈವಲ್ ಅನ್ನೋ ಫಾರ್ಮ್ ಕೂಡ ತುಂಬಬೇಕು. ಅದು ಪುಕ್ಕಟೆ.

ವಿಯೆಟ್ನಾಂ ಹಾಗಲ್ಲ. ಅಲ್ಲಿ ಗಡಿಗೆ ಹೋಗಿ ನಿಂತರೆ ನಮಗೆ ವೀಸಾ ಸಿಗೋದಿಲ್ಲ, ಮೊದಲೇ ಇ-ವೀಸಾ ಕೈಯಲ್ಲಿರಬೇಕು. 2023ರ ಆಗಸ್ಟ್‌ನಿಂದ 90 ದಿನದವರೆಗಿನ ವೀಸಾ ಕೊಡುತ್ತಿದ್ದಾರೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ ಪ್ರವೇಶಕ್ಕೆ 50. ಹುಡುಕಿದರೆ ಸರ್ಕಾರದ ತಾಣದ ಹಾಗೇ ಕಾಣುವ ಖಾಸಗಿ ತಾಣಗಳೇ ಮೇಲೆ ಬರುತ್ತವೆ, ಅವರು ಎರಡು ಪಟ್ಟು ಮೂರು ಪಟ್ಟು ಕೇಳುತ್ತಾರೆ. ವಿಳಾಸ ಡಾಟ್ ಜಿಓವಿ ಡಾಟ್ ವಿಎನ್ ಅಂತ ಮುಗಿದರೆ ಮಾತ್ರ ಅದು ಸರ್ಕಾರದ್ದು.

ಈಗ ನನ್ನ ತಪ್ಪಿಗೆ ಬರೋಣ. ರಾತ್ರಿ ಅಂಗಡಿ ಬಾಗಿಲು ಎಳೆದು ಮೊಬೈಲ್‌ನಲ್ಲೇ ಅರ್ಜಿ ತುಂಬಲು ಕೂತೆ. ಕನ್ನಡಕ ತೆಗೆದ ಫೋಟೋ, ಪಾಸ್‌ಪೋರ್ಟಿನ ಫೋಟೋ ಇರುವ ಪುಟ (ಕೆಳಗಿನ ಎರಡು ಸಾಲು ಪೂರ್ತಿ ಕಾಣಬೇಕು), ಅಲ್ಲಿ ಉಳಿಯುವ ಹೋಟೆಲ್ ವಿಳಾಸ, ಎಲ್ಲಾ ಸರಿಯಾಗೇ ಹಾಕಿದೆ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಇನ್ನೂ ತವರಿನ ಅಡ್ಡಹೆಸರೇ ಇದೆ, ಅದನ್ನೂ ಇದ್ದ ಹಾಗೇ ಬರೆದೆ, ಮುಂದೆ ಯಾರೂ ಏನೂ ಕೇಳಲಿಲ್ಲ. ಆಮೇಲೆ ಯಾವ ಕಡೆಯಿಂದ ಒಳಗೆ ಬರುತ್ತೀರಿ ಅನ್ನೋ ಕಾಲಂ ಬಂತು. ಉದ್ದ ಪಟ್ಟಿ. ವಿಮಾನ ನಿಲ್ದಾಣ, ಬಂದರು, ರಸ್ತೆ ಗಡಿ ಎಲ್ಲಾ ಅದರಲ್ಲೇ. ನಾನು ಹೋ ಚಿ ಮಿನ್ ನಗರದ ತಾನ್ ಸೋನ್ ನ್ಯಾಟ್ ವಿಮಾನ ನಿಲ್ದಾಣ ಒತ್ತಿ, ಇಬ್ಬರದೂ ದುಡ್ಡು ಕಟ್ಟಿ, ಮಲಗಿಬಿಟ್ಟೆ.

ವೀಸಾ ಬಂತು. ಅಂಗಡಿಯಲ್ಲಿ ಪ್ರಿಂಟ್ ತೆಗೆದಾಗ ನೋಡಿದವಳು ಹೆಂಡತಿ. "ರೀ, ಇದರಾಗ ಏರ್‌ಪೋರ್ಟ್ ಅಂತ ಐತಲ್ರೀ, ನಾವು ಬಸ್ಸಿನಾಗ ಹೊಂಟೇವಿ ಹೌದಲ್ಲ?"

ನಾವು ದಾಟಬೇಕಿದ್ದದ್ದು ಮೋಕ್ ಬಾಯ್ ಗಡಿ. ಆ ಗಡಿಯ ಕಾಂಬೋಡಿಯಾ ಬದಿಯ ಊರಿಗೆ ಬಾವೆಟ್ ಅಂತಾರೆ. ವೀಸಾದಲ್ಲಿ ಬರೆದ ಬಾಗಿಲಿಂದಲೇ ಒಳಗೆ ಬರಬೇಕು, ಕಟ್ಟಿದ ದುಡ್ಡು ವಾಪಸ್ ಇಲ್ಲ. ಮತ್ತೆ 25 ಡಾಲರಿನಂತೆ ಇಬ್ಬರಿಗೂ ಕಟ್ಟಿ, ಈ ಸಲ ಮೋಕ್ ಬಾಯ್ ಅಂತ ಹಾಕಿ, ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿದೆ. ಮೂರು ಕೆಲಸದ ದಿನ ಅಂತಾರೆ, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಹೊರಡೋ ವಾರದಲ್ಲಿ ಹೀಗಾಗಿದ್ದರೆ ಕಥೆ ಮುಗಿದಿತ್ತು.

ಗಡಿಯ ದಿನದ್ದು ಹೇಳುತ್ತೇನೆ. ಬೆಳಗ್ಗೆ ನೋಮ್ ಪೆನ್ ಬಿಟ್ಟ ಬಸ್ಸು ನಿಯಾಕ್ ಲುವಾಂಗ್ ಹತ್ತಿರ ದೊಡ್ಡ ಸೇತುವೆ ಮೇಲೆ ಮೆಕಾಂಗ್ ನದಿ ದಾಟಿತು. 2015ಕ್ಕೆ ಮೊದಲು ಆ ಸೇತುವೆ ಇರಲಿಲ್ಲ, ಬಸ್ಸುಗಳು ಫೆರ್ರಿಯಲ್ಲೇ ದಾಟಬೇಕಿತ್ತು. ಬಾವೆಟ್ ಬಂತು ಅಂತ ಗೊತ್ತಾಗೋದು ಕ್ಯಾಸಿನೋಗಳಿಂದ. ಬಯಲಲ್ಲಿ ಒಮ್ಮೆಲೇ ಸಾಲಾಗಿ ಎದ್ದು ನಿಲ್ಲುತ್ತವೆ. ಕಾಂಬೋಡಿಯಾ ಕಡೆ ಬೆರಳಚ್ಚು ಕೊಟ್ಟೆವು, ಮುದ್ರೆ ಬಿತ್ತು. ವಿಯೆಟ್ನಾಂ ಕಡೆ ಬಸ್ಸಿನ ಹುಡುಗ ಎಲ್ಲರ ಪಾಸ್‌ಪೋರ್ಟೂ ವೀಸಾ ಪ್ರಿಂಟೂ ಒಟ್ಟು ಮಾಡಿ ಕಿಟಕಿಯಲ್ಲಿ ಕೊಟ್ಟ. ಪಾಸ್‌ಪೋರ್ಟ್ ಕೈಬಿಟ್ಟರೆ ನನಗೆ ಜೀವ ನಿಲ್ಲೋದಿಲ್ಲ, ಅವನ ಬೆನ್ನಿಗೇ ನಿಂತೆ. ಆಮೇಲೆ ಒಬ್ಬೊಬ್ಬರನ್ನೇ ಕರೆಯತೊಡಗಿದರು. ನನ್ನ ಅಡ್ಡಹೆಸರು ಆ ಅಧಿಕಾರಿಯ ಬಾಯಲ್ಲಿ ಏನೇನೋ ಆಗಿ ಹೊರಬಂತು, ನಾನು ಸುಮ್ನೆ ನಿಂತೇ ಇದ್ದೆ. ಅಧಿಕಾರಿಯ ಕೈಯಲ್ಲಿದ್ದ ನೀಲಿ ಪಾಸ್‌ಪೋರ್ಟ್ ನೋಡಿ ಹೆಂಡತಿಯೇ ನನ್ನನ್ನು ಮುಂದೆ ತಳ್ಳಿದಳು. ಅವರು ವೀಸಾ ಹಾಳೆ ನೋಡಿದರು, ಮುದ್ರೆ ಒತ್ತಿದರು. ಬ್ಯಾಗು ಎಕ್ಸ್‌ರೇ ಯಂತ್ರಕ್ಕೆ ಹಾಕಿ ಮತ್ತೆ ಅದೇ ಬಸ್ಸು ಹತ್ತಿದೆವು. ಎಲ್ಲಾ ಸೇರಿ ಒಂದು ಗಂಟೆ ಹಿಡಿಯಿತು.

ವೀಸಾ ಪ್ರಿಂಟ್ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ತೋರಿಸುತ್ತೇನೆ ಅಂದರೆ ಬಸ್ಸಿನ ಹುಡುಗ ನಿಮ್ಮ ಮೊಬೈಲನ್ನೇ ಒಯ್ಯಬೇಕಾಗುತ್ತದೆ, ಅಲ್ವಾ? ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಲಿ. ಡಾಲರ್ ನೋಟು ಸ್ವಚ್ಛ ಇರಲಿ. ತುದಿ ಹರಿದ ಒಂದು ನೋಟನ್ನು ಕಾಂಬೋಡಿಯಾದಲ್ಲಿ ಯಾರೂ ಮುಟ್ಟಲಿಲ್ಲ, ಅದು ನನ್ನ ಜೊತೆಗೇ ಹುಬ್ಬಳ್ಳಿಗೆ ವಾಪಸ್ ಬಂದಿದೆ. ಶುಲ್ಕ ಕಟ್ಟುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರ ಆನ್ ಮಾಡಿ, ನನ್ನ ಕಾರ್ಡ್ ಎರಡು ಸಲ ತಿರಸ್ಕಾರ ಆಗಿದ್ದು ಅದಕ್ಕೇ.

ಉಲ್ಟಾ ದಾರಿಯಲ್ಲಿ, ಅಂದರೆ ಹೋ ಚಿ ಮಿನ್ ನಗರದಿಂದ ನೋಮ್ ಪೆನ್‌ಗೆ ಹೋಗುವವರಿಗೆ ಬಾವೆಟ್‌ನಲ್ಲೇ ವೀಸಾ ಸಿಗುತ್ತದೆ, ಇ-ವೀಸಾ ಕೂಡ ಅಲ್ಲಿ ನಡೆಯುತ್ತದೆ. ಆದರೆ ನಿಮ್ಮ ವಾಪಸ್ ವಿಮಾನ ವಿಯೆಟ್ನಾಂನಿಂದಲೇ ಇದ್ದರೆ 25 ಡಾಲರಿನ ವೀಸಾ ತೆಗೆಯಬೇಡಿ. ಗಡಿ ದಾಟಿ ಹೊರಗೆ ಹೋದ ಕೂಡಲೇ ಅದು ಮುಗಿದ ಹಾಗೆ.