ಕೊನೆಯ ಕ್ಲಾಸಿನಲ್ಲಿ ನಾನು ಪಾಠ ಮಾಡುವುದಿಲ್ಲ: ಸ್ಪೋಕನ್ ಇಂಗ್ಲಿಷ್ ಬ್ಯಾಚಿನ ನನ್ನ ಅನುಭವ

ದೊಡ್ಡವರಿಗೆ ಇಂಗ್ಲಿಷ್ ಕಲಿಸುವವರಿಗೆಲ್ಲ ಈ ಸಂಕಟ ಗೊತ್ತು. ನಾಲ್ಕು ತಿಂಗಳು ಚೆನ್ನಾಗಿ ಮಾತಾಡುತ್ತಾರೆ, ಕೊನೆಯ ದಿನ ಶಾಲು, ಹಾರ, ಗ್ರೂಪ್ ಫೋಟೊ, ಕೇಸರಿಬಾತು ಎಲ್ಲ ಆಗುತ್ತದೆ, ಎರಡು ತಿಂಗಳು ಬಿಟ್ಟು ಪೇಟೆಯಲ್ಲಿ ಸಿಕ್ಕರೆ "ಮೇಡಂ, ಎಲ್ಲಾ ಮರ್ತೋಯ್ತು" ಅನ್ನುತ್ತಾರೆ. ದಿನವಿಡೀ ದುಡಿದು ಸಂಜೆ 7ಕ್ಕೆ ಬಂದು ಕೂರುವ ಜನ ಇವರು. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ನಮ್ಮದು ದಾವಣಗೆರೆಯಲ್ಲಿ, ಅಂಗಡಿಯ ಮೇಲಿನ ಒಂದು ಕೋಣೆ. ಬ್ಯಾಚಿಗೆ 20–25 ಜನ. ಬಟ್ಟೆ ಅಂಗಡಿಯವರು, ಮೆಕ್ಯಾನಿಕ್‌ಗಳು, ಆಶಾ ಕಾರ್ಯಕರ್ತೆಯರು, ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ ಪೇರೆಂಟ್ಸ್ ಮೀಟಿಂಗಿಗೆ ಹೋಗಲು ಹೆದರುವ ತಾಯಂದಿರು.

ಮರೆಯದಿರಲಿ ಅಂತ ಮಾಡಿದ್ದೆಲ್ಲ ಕೈಕೊಟ್ಟಿತು. ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ವಾರಕ್ಕೆ ಗುಡ್ ಮಾರ್ನಿಂಗ್ ಹೂವುಗಳು ತುಂಬಿದವು. ದಪ್ಪ ಕಾಗದದ ಸರ್ಟಿಫಿಕೇಟಿಗೆ ತಲೆಗೆ 60 ರೂಪಾಯಿ ಹತ್ತಿರ ಸುರಿದೆ. ಅದು ಗೋಡೆಗೆ ಹೋಯಿತು, ಮಾತು ಉಳಿಯಲಿಲ್ಲ. ಬೀಳ್ಕೊಡುಗೆ ಭಾಷಣವನ್ನು ಎಲ್ಲರೂ ಬಾಯಿಪಾಠ ಮಾಡಿ ಬರುತ್ತಿದ್ದರು, ನಡುವೆ ಒಂದು ಪ್ರಶ್ನೆ ಕೇಳಿದರೆ ಅಲ್ಲೇ ನಿಲ್ಲುತ್ತಿತ್ತು. 500 ರೂಪಾಯಿಗೆ ರಿಫ್ರೆಶರ್ ಕ್ಲಾಸ್ ಇಟ್ಟರೆ ಮೂವರೋ ನಾಲ್ವರೋ ಬಂದರು. ಕೋಣೆ ಬಾಡಿಗೆಯೂ ಹುಟ್ಟಲಿಲ್ಲ.

ಕಾರಣ ನೇರವಾಗಿದೆ. ಇವರು ಇಂಗ್ಲಿಷ್ ಆಡುತ್ತಿದ್ದದ್ದು ನನ್ನ ಜೊತೆ ಮಾತ್ರ. ಊರಿನ ಕೆಲಸವೆಲ್ಲ ಕನ್ನಡದಲ್ಲೇ ಆಗುತ್ತದೆ, ಹಾಗೇ ಆಗಬೇಕು ಕೂಡ. ನಾನು ಎದ್ದು ಹೋದರೆ ಮಾತಾಡಲು ಇನ್ನೊಂದು ಜೀವ ಇಲ್ಲ. ಅದಕ್ಕೇ ಹಿಂದಿನ ಒಂದು ಬ್ಯಾಚಿನ ಬೀಳ್ಕೊಡುಗೆಯನ್ನು ಒಂದು ತಿಂಗಳು ಮೊದಲೇ ಶುರು ಮಾಡಿದೆ.

ಬೋರ್ಡು ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತೆ. ಮೊದಲ ವಾರ ಅರ್ಧ ಗಂಟೆ, ಆಮೇಲೆ ಪೂರ್ತಿ ಕ್ಲಾಸು. "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಅಂದರೂ ತಿದ್ದಲಿಲ್ಲ. ಸುಮ್ನೆ ಕೂರುವುದು ಪಾಠ ಮಾಡುವುದಕ್ಕಿಂತ ಕಷ್ಟ, ನಂಬಿ. ಮೂರನೇ ವಾರದ ಹೊತ್ತಿಗೆ ಒಬ್ಬರನ್ನೊಬ್ಬರು ತಿದ್ದತೊಡಗಿದರು.

ಜೊತೆಗೆ ಜೋಡಿ ಫೋನ್, ಅಂದರೆ ಕ್ಲಾಸಿನ ಇಬ್ಬಿಬ್ಬರು ಒಬ್ಬರಿಗೊಬ್ಬರು ಫೋನ್ ಮಾಡುವುದು. ರಾತ್ರಿ ಊಟ ಆದ ಮೇಲೆ 10 ನಿಮಿಷ, ಬರೀ ಇಂಗ್ಲಿಷ್. ಫೋನಿನಲ್ಲಿ ಕೈಸನ್ನೆ ನಡೆಯುವುದಿಲ್ಲ, ಮಾತೇ ಬೇಕು. ಮುಖ ಕಾಣದ್ದರಿಂದ ನಾಚಿಕೆಯೂ ಕಡಿಮೆ. ಜೋಡಿ ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಚೆನ್ನಾಗಿ ಬರುವವರನ್ನು ಬಾರದವರ ಜೊತೆ ಹಾಕುವುದಂತೂ ಅಲ್ಲ. ನಡುವೆ ಇನ್ನೊಂದು ಪ್ರಯೋಗವೂ ಆಯಿತು. ನಿಜವಾದ ಕೆಲಸ ಇದ್ದಾಗ ಟೋಲ್ ಫ್ರೀ ನಂಬರಿಗೆ ಅವರಿಂದಲೇ ಫೋನ್ ಮಾಡಿಸಿ ಕನ್ನಡದ ಬದಲು ಇಂಗ್ಲಿಷ್ ಒತ್ತಿಸಿದೆ. ಗ್ಯಾಸ್ ಬುಕಿಂಗಿನ ದೂರನ್ನು ಒಬ್ಬರು ಪೂರ್ತಿ ಇಂಗ್ಲಿಷಿನಲ್ಲೇ ಮುಗಿಸಿದಾಗ ಕ್ಲಾಸೆಲ್ಲ ಚಪ್ಪಾಳೆ. ಟಿವಿ ಮ್ಯೂಟ್ ಮಾಡಿ ಕ್ರಿಕೆಟ್ ಕಾಮೆಂಟರಿ ಹೇಳಿಸಿದ್ದು ಮಾತ್ರ ಅಷ್ಟು ಕೆಲಸ ಮಾಡಲಿಲ್ಲ, ಎಲ್ಲರೂ ಆಟ ನೋಡುತ್ತ ಕೂತರು.

ಕೊನೆಯ ದಿನವೇ ಹೊಸ ಬ್ಯಾಚಿನ ಡೆಮೊ ಇಟ್ಟೆ, ಹಳಬರೇ ಕಲಿಸುವವರು. "ಇವರ ತಪ್ಪು ಇಂಗ್ಲಿಷ್ ಕೇಳಿ ಬಂದವರು ಓಡಿಹೋಗ್ತಾರೆ, ನಿಮ್ಮ ಹೆಸರೂ ಕೆಡುತ್ತೆ" ಅಂತ ಜೊತೆಯ ಟೀಚರ್‌ಗಳು ಎಚ್ಚರಿಸಿದ್ದರು. ಆಗಿದ್ದು ಉಲ್ಟಾ. ನಾಲ್ಕು ತಿಂಗಳ ಹಿಂದೆ ಹೆಸರು ಹೇಳಲು ತಡವರಿಸುತ್ತಿದ್ದ ಮೆಕ್ಯಾನಿಕ್ ಒಬ್ಬರು ಎದುರು ನಿಂತು ಕಾರ್ಬ್ಯುರೇಟರ್ ಬಿಚ್ಚುವುದನ್ನು ಹಂತಹಂತವಾಗಿ ಹೇಳಿದರೆ, ಅದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ? ಸಾಮಾನ್ಯವಾಗಿ ಡೆಮೊಗೆ ಬಂದವರಲ್ಲಿ ಎಂಟು ಹತ್ತು ಜನ ಸೇರುತ್ತಾರೆ. ಅವತ್ತು 20ರ ಹತ್ತಿರ. ಫೀಸು 3,000, ಲೆಕ್ಕ ನೀವೇ ಹಾಕಿ. ನಮ್ಮ ಊರಿನಲ್ಲಿ ಇಂಥ ಡೆಮೊ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ಶಾಲು, ಹಾರ ಬೇಡ ಅಂತ ಮೊದಲೇ ಹೇಳಿದ್ದೆ. ತಲಾ 200ರಂತೆ ಸೇರಿಸಿದ್ದ ದುಡ್ಡನ್ನು ಭಾನುವಾರ ಬೆಳಿಗ್ಗೆ ಅದೇ ಕೋಣೆಯ ಬಾಡಿಗೆಗೆ ಕಟ್ಟಿಸಿದೆ, ಸುಮಾರು ಮೂರು ತಿಂಗಳಿಗೆ ಆಯಿತು. ಅಲ್ಲಿ ಅವರೇ ಸೇರುತ್ತಾರೆ, ನಾನು ಹೋಗುವುದಿಲ್ಲ. ಹೋಗಬೇಕು ಅನಿಸುತ್ತದೆ, ಆದರೂ ಹೋಗುವುದಿಲ್ಲ.

ಆರು ತಿಂಗಳ ಮೇಲಾಯಿತು. ಅರ್ಧಕ್ಕಿಂತ ಜಾಸ್ತಿ ಜೋಡಿಗಳು ಇನ್ನೂ ಫೋನಿನಲ್ಲಿ ಮಾತಾಡುತ್ತಿವೆ. ಮೂರು ತಿಂಗಳು ಮುಗಿದ ಮೇಲೆ ಬಾಡಿಗೆಯನ್ನು ಅವರೇ ಹಂಚಿಕೊಂಡು ಕಟ್ಟುತ್ತಿದ್ದಾರೆ. ಈಗಿನ ಬ್ಯಾಚಿಗೆ ಜೋಡಿ ಫೋನನ್ನು ಎರಡನೇ ತಿಂಗಳಿನಿಂದಲೇ ಶುರು ಮಾಡಿಸಿದ್ದೇನೆ. ಭಾನುವಾರದ ಬಾಡಿಗೆ ಏರಿಸುತ್ತೇನೆ ಅಂತ ಮಾಲೀಕರು ಅನ್ನುತ್ತಿದ್ದಾರೆ, ಅದನ್ನು ಹಳೇ ಬ್ಯಾಚಿನವರೇ ಮಾತಾಡಿ ಬಗೆಹರಿಸುತ್ತಾರಂತೆ.