ಸ್ಪೋರ್ಟ್ಸ್ ಕಾರಿಗೆ ಟೈರ್: ಸಮ್ಮರ್ ಬೇಕೆ, ಆಲ್ ಸೀಸನ್ ಸಾಕೆ?

ಟೈರ್ ಬದಲಿಸುವ ಕಾಲ ಬಂದಾಗ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಮುಂದೆ ಸಮ್ಮರ್ ಟೈರ್, ಆಲ್ ಸೀಸನ್ ಟೈರ್ ಎಂಬ ಎರಡು ಹೆಸರುಗಳು ಬರುತ್ತವೆ. ಸಮ್ಮರ್ ಎಂದ ಮೇಲೆ ಅದು ಬೇಸಿಗೆಗಷ್ಟೇ ಸರಿ, ಮಳೆ ಬಂದರೆ ಜಾರುತ್ತದೆ ಎಂದೂ, ಆಲ್ ಸೀಸನ್ ಎಂದ ಮೇಲೆ ಬೇಸಿಗೆ, ಮಳೆ, ಚಳಿ ಮೂರಕ್ಕೂ ಒದಗುತ್ತದೆ ಎಂದೂ ತಿಳಿಯುವುದು ಸಹಜ. ಆದರೆ ಈ ಹೆಸರುಗಳು ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಅಲ್ಲಿಯ ಲೆಕ್ಕದಲ್ಲಿ ಸಮ್ಮರ್ ಎಂದರೆ ಹಿಮವಿಲ್ಲದ ಕಾಲ, ಆ ಕಾಲದ ಮಳೆಯೂ ಅದರೊಳಗೇ ಸೇರಿದೆ. ಅದರ ಜೊತೆಗೆ ಅಷ್ಟಿಷ್ಟು ಹಿಮವನ್ನೂ ನಿಭಾಯಿಸಲೆಂದು ಮಾಡಿದ್ದು ಆಲ್ ಸೀಸನ್. ಆದ್ದರಿಂದ ಮೈಸೂರಿನವರು ಮಾಡಬೇಕಾದ ಮೊದಲ ಕೆಲಸವೆಂದರೆ ಹೆಸರನ್ನು ಪಕ್ಕಕ್ಕಿಟ್ಟು ತಾಪಮಾನವನ್ನು ನೋಡುವುದು.

ಸಮ್ಮರ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಆಲ್ ಸೀಸನ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆದುವಾಗಿರುವಂತೆ ಬೆರೆಸಿದ್ದು, ಅದಕ್ಕಾಗಿ ಬಿಸಿಲಿನಲ್ಲಿ ಒಂದಿಷ್ಟು ಬಿಟ್ಟುಕೊಟ್ಟಿರುತ್ತದೆ. ನಮ್ಮಲ್ಲಿ ಜನವರಿಯ ನಸುಕಿನಲ್ಲೂ ಪಾದರಸ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಏಪ್ರಿಲ್‌ನ ಮಧ್ಯಾಹ್ನವಾದರೋ ಗಾಳಿಯೇ 35 ಡಿಗ್ರಿ ದಾಟಿ, ಡಾಂಬರು ಬರಿಗಾಲಿಡಲಾಗದಷ್ಟು ಕಾದಿರುತ್ತದೆ. ಅಂದರೆ ಟೈರಿನ ಪಂಚಾಂಗದಲ್ಲಿ ನಮಗೆ ಹನ್ನೆರಡು ತಿಂಗಳೂ ಸಮ್ಮರ್. ಊಟಿಯ ಮಾತು ಬೇರೆ ನಿಜ, ಡಿಸೆಂಬರ್ ಜನವರಿಯಲ್ಲಿ ಅಲ್ಲಿ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಆದರೆ ವರ್ಷಕ್ಕೆ ಎರಡು ಬೆಳಗಿಗಾಗಿ ಉಳಿದ ದಿನಗಳ ಹಿಡಿತವನ್ನು ಯಾರೂ ಮಾರಿಕೊಳ್ಳಬೇಕಾಗಿಲ್ಲ. ಅಲ್ಲಿ ಉಳಿದುಕೊಂಡವರು ಬಿಸಿಲೇರಿದ ಮೇಲೆ ಹೊರಟು ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿದರಾಯಿತು.

ಎರಡನೆಯದಾಗಿ, ಅಂಗಡಿಯಲ್ಲಿ ಎರಡೂ ಬಗೆಯ ಟೈರುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿಕೊಂಡು, ನಮ್ಮ ಕಡೆ ಬಟನ್ ಎಂದೇ ಕರೆಯುವ ಮೇಲ್ಮೈಯ ಗಟ್ಟಿಗಳ ಮೇಲೆ ಉಗುರು ಓಡಿಸಿ ನೋಡಬೇಕು. ಸಮ್ಮರ್ ಟೈರಿನಲ್ಲಿ, ಅದರಲ್ಲೂ ಹೊರ ಅಂಚಿನಲ್ಲಿ, ಗಟ್ಟಿಗಳು ಅಗಲವಾಗಿ, ಇಡಿಯಾಗಿ ಇರುತ್ತವೆ. ನಡುವೆ ನೀರು ಹರಿದುಹೋಗಲು ಮೂರೋ ನಾಲ್ಕೋ ಅಗಲವಾದ ಕಾಲುವೆಗಳು ಸುತ್ತುವರಿದಿರುತ್ತವೆ. ಆಲ್ ಸೀಸನ್ ಟೈರಿನಲ್ಲಿ ಅದೇ ಗಟ್ಟಿಗಳ ಮೇಲೆ ಬ್ಲೇಡಿನಲ್ಲಿ ಗೀರಿದಂತಹ ಸಣ್ಣ ಸಣ್ಣ ಸೀಳುಗಳು ಉಗುರಿಗೆ ಸಿಗುತ್ತವೆ. ಹಿಮವನ್ನು ಕಚ್ಚುವುದು ಆ ಸೀಳುಗಳ ಕೆಲಸ. ಹಿಮವಿಲ್ಲದ ಕಾದ ರಸ್ತೆಯಲ್ಲಿ ಕಾರು ಜೋರಾಗಿ ತಿರುಗಿದಾಗ ಅವೇ ಗಟ್ಟಿಗಳು ಬುಡದಿಂದ ವಾಲಾಡುತ್ತವೆ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ್ದಕ್ಕೂ ಕಾರಿನ ಮೂತಿ ಹೊರಳುವುದಕ್ಕೂ ನಡುವೆ ತುಸು ತಡವಾದಂತೆ ಅನಿಸುವುದು ಇದರಿಂದಲೇ. ಸಾಮಾನ್ಯ ಕಾರಿನಲ್ಲಿ ಅದು ಗಮನಕ್ಕೂ ಬಾರದು. ಆ ಚುರುಕಿಗಾಗಿಯೇ ಸ್ಪೋರ್ಟ್ಸ್ ಕಾರು ಕೊಂಡವನಿಗೆ ಅದು ನಷ್ಟವೇ ಸರಿ.

ಇನ್ನು ಮಳೆಯ ಪ್ರಶ್ನೆ. ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ರಸ್ತೆ ಒದ್ದೆಯಾಗಿರುವಾಗ ಬ್ರೇಕ್ ಹಿಡಿಯುವುದು ಒಂದು. ನಿಂತ ನೀರಿನ ಮೇಲೆ ಟೈರ್ ತೇಲಿ, ನೆಲದ ಸಂಪರ್ಕವೇ ತಪ್ಪಿಹೋಗುವುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ರಬ್ಬರಿನ ಮಿಶ್ರಣದ ಗುಣ, ನಮ್ಮ ಹವೆಯಲ್ಲಿ ಒಳ್ಳೆಯ ಸಮ್ಮರ್ ಟೈರ್ ಸಾಮಾನ್ಯವಾಗಿ ಆಲ್ ಸೀಸನ್‌ಗಿಂತ ಕಡಿಮೆ ದೂರದಲ್ಲೇ ಕಾರನ್ನು ನಿಲ್ಲಿಸುತ್ತದೆ. ಎರಡನೆಯದು ವೇಗ, ಗಾಳಿಯ ಒತ್ತಡ ಮತ್ತು ಕಾಲುವೆಗಳ ಆಳಕ್ಕೆ ಸೇರಿದ್ದು. ಹೊಸ ಟೈರಿನ ಕಾಲುವೆ ಸುಮಾರು 7ರಿಂದ 8 ಮಿಲಿಮೀಟರ್ ಆಳವಿರುತ್ತದೆ, ಅದು 1.6ಕ್ಕೆ ಇಳಿದಾಗ ತಳದಲ್ಲಿರುವ ಸಣ್ಣ ದಿಂಡುಗಳು ಬಟನ್‌ಗಳ ಮಟ್ಟಕ್ಕೆ ಬರುತ್ತವೆ. ಅಲ್ಲಿಯವರೆಗೆ ಕಾಯುವುದು ಕಾನೂನಿಗೆ ಸರಿಹೋದರೂ, ಅಗಲವಾದ ಟೈರ್ ನೀರಿನ ಮೇಲೆ ಬೇಗ ತೇಲುವುದರಿಂದ, ಸ್ಪೋರ್ಟ್ಸ್ ಕಾರಿನವರು 3 ಮಿಲಿಮೀಟರಿಗೇ ಬದಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿಯೊಳಗೇ ಹೋಗುವಾಗಲೂ ಜೋರು ಮಳೆಯಲ್ಲಿ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಒಂದು ಎಚ್ಚರಿಕೆ: ರೇಸ್ ಟ್ರ್ಯಾಕಿಗೆಂದೇ ಮಾಡಿದ, ಕಾಲುವೆಗಳೇ ಕಡಿಮೆಯಿರುವ ಟೈರುಗಳನ್ನು ಸಮ್ಮರ್ ಟೈರಿನ ಲೆಕ್ಕಕ್ಕೆ ಸೇರಿಸಬಾರದು, ಅವು ಮಳೆಗಾಲಕ್ಕೆ ನಿಜಕ್ಕೂ ಆಗವು.

ಮೂರನೆಯದಾಗಿ, ವರ್ಷಕ್ಕೆ ಎಷ್ಟು ಓಡಿಸುತ್ತೇವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಲೆಕ್ಕ ಹಾಕಬೇಕು. ಹಲವು ಟೈರುಗಳ ಪಕ್ಕದಲ್ಲಿ ಟ್ರೆಡ್‌ವೇರ್ ಎಂಬ ಸಂಖ್ಯೆ ಇರುತ್ತದೆ; ವೇಗದ ಸಮ್ಮರ್ ಟೈರುಗಳಲ್ಲಿ ಅದು 300ರ ಆಸುಪಾಸು, ಆಲ್ ಸೀಸನ್‌ಗಳಲ್ಲಿ 500 ಅಥವಾ ಅದಕ್ಕೂ ಮೇಲೆ. ಸಂಖ್ಯೆ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು ಎಂಬ ವಾದವನ್ನು ಅಂಗಡಿಯವರು ಮುಂದಿಡುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ಬಂದು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ ಕಾರಿನಲ್ಲಿ ಬಟನ್ ಸವೆಯುವ ಮೊದಲೇ ರಬ್ಬರ್ ಮುದಿಯಾಗಿ ಬಿರುಕು ಬಿಡುತ್ತದೆ. ಉಪಯೋಗಿಸಿ ಮುಗಿಸಲಾಗದ ಬಾಳಿಕೆಗೆ ಹಣ ಕೊಟ್ಟು ಹಿಡಿತವನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ಹಾಗಾದರೆ ಆಲ್ ಸೀಸನ್ ಯಾರಿಗೆ? ಅದೇ ಕಾರಿನಲ್ಲಿ ದಿನವೂ ಮೈಸೂರಿನಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗಿಬರುವವರಿಗೆ, ಸದ್ದು ಕಡಿಮೆಯಿರಲಿ, ಟೈರ್ ಹೆಚ್ಚು ಕಾಲ ಬರಲಿ, ತಿರುವಿನಲ್ಲಿ ತುಸು ಮಂದವಾದರೂ ಪರವಾಗಿಲ್ಲ ಎನ್ನುವವರಿಗೆ ಅದು ಒಪ್ಪತಕ್ಕ ಆಯ್ಕೆ. ಆದರೂ ಒಂದು ತಪ್ಪು ನಂಬಿಕೆ ಬೇಡ. ಮಂಡ್ಯದ ಒಳರಸ್ತೆಗಳಲ್ಲಿ ಕಬ್ಬಿನ ಗಾಡಿಯಿಂದ ಬಿದ್ದ ಜಲ್ಲೆ, ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರಿನ ಕೆಸರು, ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿದ ಹುರುಳಿ, ಇವುಗಳ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಹುರುಳಿಯ ಸೊಪ್ಪಿನ ಮೇಲೆ ಬ್ರೇಕ್ ಒತ್ತಿದಾಗ ಕಾರು ಚಾಪೆ ಎಳೆದಂತೆ ಸರಿಯುವುದನ್ನು ಕಂಡವನು ನಾನು. ಅಲ್ಲಿ ಕೆಲಸಕ್ಕೆ ಬರುವುದು ಮುಂಚಿತವಾಗಿ ಇಳಿಸಿದ ವೇಗ ಮಾತ್ರ.

ಬಗೆ ತೀರ್ಮಾನವಾದ ಮೇಲೆ ಅಳತೆ. 225/45 ಆರ್ 17 94 ಡಬ್ಲ್ಯು ಎಂದು ಬರೆದಿದ್ದರೆ ಅಗಲ 225 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇ 45, ಆರ್ ಎಂದರೆ ರೇಡಿಯಲ್, ರಿಮ್ 17 ಇಂಚು. 94 ಎಂದರೆ ಒಂದು ಟೈರ್ 670 ಕಿಲೋ ಹೊರಬಲ್ಲದು. ಡಬ್ಲ್ಯು ಎಂದರೆ 270 ಕಿಲೋಮೀಟರ್ ವೇಗ ತಾಳಬಲ್ಲದು. ಕಾರಿನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿರುವುದಕ್ಕಿಂತ ಈ ಕೊನೆಯ ಎರಡು ಕಡಿಮೆಯಾಗಬಾರದು. ಪೋರ್ಶೆ ತನ್ನ ಕಾರುಗಳಿಗೆ ಒಪ್ಪಿದ ಟೈರಿನ ಮೇಲೆ ಎನ್ ಅಕ್ಷರವೂ, ಬಿಎಂಡಬ್ಲ್ಯು ಒಪ್ಪಿದ್ದರ ಮೇಲೆ ನಕ್ಷತ್ರವೂ ಇರುತ್ತದೆ. ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲವಿರುವ ಕಾರುಗಳಿಗೆ ಜೋಡಿ ಹೊಂದಿಸುವುದು ತುಸು ತಾಪತ್ರಯದ ಕೆಲಸ. 2020ರ ಜೂನ್‌ನಿಂದ ಹೊಸ ಟೈರುಗಳ ಆಮದಿಗೆ ಸರ್ಕಾರದ ನಿರ್ಬಂಧ ಬಂದ ಮೇಲಂತೂ ವಿರಳ ಅಳತೆಗಳನ್ನು ಬಹಳ ಮೊದಲೇ ಹೇಳಿಟ್ಟು ತರಿಸಬೇಕು. ವಿಕ್ರಾಂತ್ ಕಾರ್ಖಾನೆಯಿಂದಾಗಿ ಟೈರಿನ ಊರೆನಿಸಿಕೊಂಡ ಮೈಸೂರಿನಲ್ಲೂ ಇದಕ್ಕೆ ವಿನಾಯಿತಿಯಿಲ್ಲ.

ಹಣ ಕೊಡುವ ಮೊದಲು ತಯಾರಿಕೆಯ ದಿನಾಂಕ ಓದಬೇಕು. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ಅದು. 2325 ಎಂದಿದ್ದರೆ 2025ರ 23ನೇ ವಾರ. ಪೂರ್ತಿ ಸಾಲು ಟೈರಿನ ಒಂದು ಮಗ್ಗುಲಲ್ಲಿ ಮಾತ್ರ ಇರುವುದುಂಟು. ಕೆಲವು ವರ್ಷಗಳ ಹಿಂದೆ ರಿಯಾಯಿತಿ ಸಿಕ್ಕಿತೆಂದು ನಗರದ ಒಂದು ಅಂಗಡಿಯಲ್ಲಿ ಎರಡು ಟೈರ್ ಹಾಕಿಸಿಕೊಂಡು ಬಂದ ನಾನು, ವಾರ ಕಳೆದ ಮೇಲೆ ಕಾರಿನಡಿ ಗೋಣಿತಾಟು ಹಾಸಿ ಮಲಗಿ, ಮೊಬೈಲಿನ ಬೆಳಕು ಬಿಟ್ಟು ಒಳಮಗ್ಗುಲು ನೋಡಿದರೆ, ಎರಡೂ ನಾಲ್ಕು ವರ್ಷ ಗೋದಾಮಿನಲ್ಲಿ ಕೂತವು. ಅಷ್ಟು ಹೊತ್ತಿಗೆ ಹಿಂದಿರುಗಿಸುವ ಮಾತೇ ಇರಲಿಲ್ಲ. ರಿಮ್ಮಿಗೆ ಏರಿಸುವ ಮುನ್ನವೇ ನೆಲದ ಮೇಲೆ ಉರುಳಿಸಿ ಎರಡೂ ಮಗ್ಗುಲು ಓದಿಕೊಳ್ಳಿ.

ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಉತ್ತಮ. ಸಮ್ಮರ್ ಮತ್ತು ಆಲ್ ಸೀಸನ್‌ಗಳನ್ನು ಒಂದೇ ಕಾರಿನಲ್ಲಿ ಬೆರೆಸಲೇಬಾರದು. ಅಳತೆ ಒಂದೇ ಇದ್ದು ಎರಡನ್ನೇ ಕೊಳ್ಳುವುದಾದರೆ ಹೊಸವು ಹಿಂದಕ್ಕೆ ಹೋಗಬೇಕು, ಏಕೆಂದರೆ ಹಿಂಬದಿ ಜಾರಿದರೆ ಕಾರನ್ನು ಮತ್ತೆ ಹಿಡಿತಕ್ಕೆ ತರುವುದು ಕಷ್ಟ. ಔಟ್‌ಸೈಡ್ ಎಂದು ಬರೆದ ಮಗ್ಗುಲು ಹೊರಗೆ ಬಂದಿದೆಯೇ, ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇದೆಯೇ ಎಂದು ನಿಂತು ನೋಡಿಕೊಂಡು, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ಟೈರಿನ ಮೇಲ್ಮೈ ಅಚ್ಚಿನಿಂದ ಬಂದ ನುಣುಪನ್ನು ಕಳೆದುಕೊಳ್ಳಲು ಮೊದಲ ಕೆಲವು ನೂರು ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ಬೆಟ್ಟದ ತಿರುವುಗಳಲ್ಲಿ ಆತುರ ಬೇಡ. ಗಾಳಿಯನ್ನು ಕಾರು ಮೂರು ಗಂಟೆಯಾದರೂ ನಿಂತು ಟೈರ್ ತಣ್ಣಗಾದ ಮೇಲೆಯೇ ಅಳೆಯಬೇಕಾದ್ದರಿಂದ, ಬೆಳಿಗ್ಗೆ ಮನೆಯಂಗಳದಲ್ಲೇ ನೋಡಿಕೊಳ್ಳಲು ಒಂದು ಸಣ್ಣ ಗೇಜನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರಿ.