ಆಲ್ ವೀಲ್ ಡ್ರೈವ್ ಲೈಟ್ ಹತ್ಕೊಂಡ್ರೆ ಊರು ತಲುಪೋದು ಹೇಗೆ

ಬೆಂಗಳೂರಿಂದ ಹೊರಟು ಬೆಳ್ಳೂರು ಕ್ರಾಸ್ ದಾಟಿ ಹತ್ತು ನಿಮಿಷ ಆಗಿರ್ಲಿಲ್ಲ, ಮೀಟರ್‌ನಲ್ಲಿ ಹಳದಿ ಲೈಟ್ ಬಂತು, ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಕೊಡೋ ವ್ಯವಸ್ಥೆ) ಚೆಕ್ ಮಾಡ್ಸಿ ಅಂತ ಮೆಸೇಜು. ಹಿಂದಿನ ಸೀಟಲ್ಲಿ ಇಬ್ರು ಮಕ್ಳು, ಡಿಕ್ಕಿ ತುಂಬ ಲಗೇಜು, ಮುಂದೆ ಶಿರಾಡಿ ಘಾಟಿ, ಅದೂ ಜುಲೈ ಮಳೆ. ಅತ್ತೆ ಮನೆ ಇರೋದು ಉಪ್ಪಿನಂಗಡಿ ಹತ್ರ. ಯಾವ ಕಂಪನಿ ಗಾಡಿ ಅಂತ ಕೇಳ್ಬೇಡಿ, ತಪ್ಪು ಗಾಡೀದಲ್ಲ ನಂದೇ ಅಂತ ಆಮೇಲೆ ಗೊತ್ತಾಯ್ತು. ಅವತ್ತು ಕಲ್ತಿದ್ದು, ಆಮೇಲೆ ಮೆಕಾನಿಕ್ ಹತ್ರ ಕೂತು ಕೇಳಿ ತಿಳ್ಕೊಂಡಿದ್ದು ಎಲ್ಲ ಬರೀತಿದೀನಿ.

ಮೊದ್ಲು ನಿಮ್ಮದು ಯಾವ ಥರದ್ದು ಅಂತ ಗೊತ್ತಿರ್ಲಿ. ಎಸ್ಟೇಟ್ ಜೀಪಲ್ಲಿ ಕಡ್ಡಿ ಎಳೆದು ಫೋರ್ ವೀಲ್ ಹಾಕ್ತಾರಲ್ಲ, ಅದು ಬೇರೆ. ಈಗಿನ ಎಸ್‌ಯುವಿಗಳಲ್ಲಿ ಜಾಸ್ತಿ ಇರೋದು ಏನಂದ್ರೆ ಇಂಜಿನ್ ಅಡ್ಡ ಕೂತಿರುತ್ತೆ, ಮಾಮೂಲಿ ರೋಡಲ್ಲಿ ಮುಂದಿನ ಚಕ್ರಾನೇ ಎಳೆಯುತ್ತೆ, ಗೇರ್‌ಬಾಕ್ಸ್ ಪಕ್ಕದಿಂದ ಉದ್ದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್ (ತಿರುಗೋ ಉದ್ದ ರಾಡು) ಹಿಂದಕ್ಕೆ ಹೋಗಿ, ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಶಿಯಲ್‌ಗೆ ಸೇರೋ ಮುಂಚೆ ಒಂದು ಕಪ್ಲಿಂಗ್ ಇರುತ್ತೆ. ಅದ್ರೊಳಗೆ ಬೈಕ್ ಕ್ಲಚ್ ಪ್ಲೇಟ್ ಥರ ಪ್ಲೇಟುಗಳು. ಕಂಪ್ಯೂಟರ್ ಹೇಳಿದಾಗ ಒತ್ಕೊಳುತ್ತೆ, ಹಿಂದಿನ ಚಕ್ರಕ್ಕೂ ಶಕ್ತಿ ಹೋಗುತ್ತೆ. ಇಂಥ ಗಾಡೀಲಿ ಏನೋ ತೊಂದ್ರೆ ಅಂತ ಕಂಪ್ಯೂಟರ್‌ಗೆ ಅನ್ನಿಸಿದ್ರೆ ಸಾಮಾನ್ಯವಾಗಿ ಕಪ್ಲಿಂಗ್ ಬಿಟ್ಬಿಡುತ್ತೆ, ಗಾಡಿ ಬರೀ ಫ್ರಂಟ್ ವೀಲ್ ಡ್ರೈವ್ ಆಗುತ್ತೆ, ಅಷ್ಟೇ. ಅದ್ರಲ್ಲಿ ಊರು ಸೇರಬಹುದು. ಭಯ ಪಡ್ಬೇಕಾಗಿರೋದು ಕಪ್ಲಿಂಗ್ ಬಿಡದೇ ಕಚ್ಕೊಂಡು ಕೂತಿದ್ರೆ, ಇಲ್ಲಾ ಒಳಗೆ ಬೇರಿಂಗು ಗೇರು ಹೋಗಿದ್ರೆ. ಮೀಟರ್‌ನಲ್ಲಿ ಎರಡಕ್ಕೂ ಅದೇ ಹಳದಿ ಲೈಟು ಬರಬಹುದು, ಅದಕ್ಕೇ ಲೈಟ್ ನೋಡ್ಕೊಂಡು ತೀರ್ಮಾನ ಮಾಡೋಕಾಗಲ್ಲ.

ಚೆಕ್ ಮಾಡೋದು ಸುಲಭ. ಖಾಲಿ ಜಾಗ ನೋಡಿ, ಪೆಟ್ರೋಲ್ ಬಂಕ್ ಪಕ್ಕದ ಸಿಮೆಂಟ್ ನೆಲ ಆದ್ರೂ ಪರವಾಗಿಲ್ಲ ಆದ್ರೆ ಒಣಗಿರ್ಬೇಕು, ಕೆಸರಲ್ಲಿ ಗೊತ್ತಾಗಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗ್ಸಿ, ನಡ್ಕೊಂಡು ಹೋಗೋ ಸ್ಪೀಡಲ್ಲಿ ಎರಡು ಸುತ್ತು ಹೊಡೀರಿ, ಆಮೇಲೆ ಇನ್ನೊಂದು ಕಡೆ. ಕಿಟಕಿ ಇಳಿಸಿ, ಹಾಡು ಆಫ್ ಮಾಡಿ, ಮಕ್ಳಿಗೆ ಎರಡು ನಿಮಿಷ ಸುಮ್ನಿರೋಕೆ ಹೇಳಿ (ಇದೇ ಕಷ್ಟದ ಕೆಲ್ಸ). ಗಾಡಿ ಸಲೀಸಾಗಿ ತಿರುಗಿದ್ರೆ ಕಪ್ಲಿಂಗ್ ಬಿಟ್ಟಿದೆ ಅಂತ ಲೆಕ್ಕ. ಯಾರೋ ಹ್ಯಾಂಡ್‌ಬ್ರೇಕ್ ಎಳೆದಿರೋ ಹಾಗೆ ಹಿಡ್ಕೊಂಡು, ಕುಪ್ಪಳಿಸ್ಕೊಂಡು, ಟೈರು ಕೀ ಅಂತ ಉಜ್ಜಿದ್ರೆ ಕಚ್ಕೊಂಡಿದೆ. ಅಲ್ಲಿಗೆ ಲಾಂಗ್ ಡ್ರೈವ್ ಮುಗೀತು.

ಆಮೇಲೆ ಬಗ್ಗಿ ಗಾಡಿ ಅಡಿ ನೋಡಿ. ಗೇರ್‌ಬಾಕ್ಸ್ ಪಕ್ಕ ಮತ್ತೆ ಹಿಂದಿನ ಡಿಫರೆನ್ಶಿಯಲ್ ಕೆಳಗೆ ಎಣ್ಣೆ ಒದ್ದೆ ಇದ್ಯಾ? ಅಲ್ಲಿ ಹಿಡಿಯೋ ಎಣ್ಣೆ ಬಹಳ ಕಮ್ಮಿ, ಎಷ್ಟೋ ಗಾಡಿಗಳಲ್ಲಿ ಮುಂದೆ ಗೇರ್‌ಬಾಕ್ಸ್ ಪಕ್ಕ ಇದ್ದು ಪ್ರೊಪೆಲ್ಲರ್ ಶಾಫ್ಟ್ ತಿರುಗಿಸೋ ಟ್ರಾನ್ಸ್‌ಫರ್ ಗೇರ್‌ಗೆ ಒಂದು ಲೀಟರ್ ಕೂಡ ಇರಲ್ಲ, ಸ್ವಲ್ಪ ಸೋರಿದ್ರೂ ಬೇಗ ಖಾಲಿಯಾಗುತ್ತೆ. ಗೇರ್ ಆಯಿಲ್ ಬಿಸಿಯಾದ್ರೆ ಗಂಧಕದ ಥರ, ಕೊಳೆತ ಮೊಟ್ಟೆ ವಾಸನೆ ಬರುತ್ತೆ. ವಾಸನೆ, ಸ್ಪೀಡ್ ಜೊತೆ ಏರೋ ಗೊಂಯ್ ಸದ್ದು, ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಕೆಳಗೆ ಟಣ್ ಅನ್ನೋದು, ಇದ್ರಲ್ಲಿ ಒಂದಿದ್ರೂ ಓಡಿಸ್ಬೇಡಿ. ಅರ್ಧ ದಾರೀಲಿ ಪ್ರೊಪೆಲ್ಲರ್ ಶಾಫ್ಟ್ ಕಳಚಿ ರೋಡಿಗೆ ಬಡಿದ್ರೆ ಗೊತ್ತಲ್ಲ.

ಇನ್ನೊಂದು, ಆಲ್ ವೀಲ್ ಲೈಟ್ ಒಂದೇ ಬಂದಿದ್ಯಾ ಜೊತೆಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು), ಟ್ರಾಕ್ಷನ್ (ಎಳೆಯುವಾಗ ಚಕ್ರ ಜಾರದ ಹಾಗೆ ನೋಡ್ಕೊಳ್ಳೋದು) ಲೈಟೂ ಬಂದಿದ್ಯಾ ನೋಡಿ. ಎಲ್ಲ ಒಟ್ಟಿಗೆ ಬಂದ್ರೆ ಎಷ್ಟೋ ಸಲ ಚಕ್ರದ ಹತ್ರ ಇರೋ ಸ್ಪೀಡ್ ಸೆನ್ಸರ್‌ಗೆ ಕೆಸರು ಮೆತ್ಕೊಂಡಿರುತ್ತೆ ಇಲ್ಲಾ ವೈರು ಕಟ್ಟಾಗಿರುತ್ತೆ, ಬ್ಯಾಟರಿ ವೀಕ್ ಇದ್ರೂ ಹಿಂಗೆ ಮಾಡುತ್ತೆ. ಸಣ್ಣ ರಿಪೇರಿ ಅಂತ ಖುಷಿ ಪಡ್ಬೇಡಿ, ಎಬಿಎಸ್ ಇಲ್ಲ ಅಂದ್ರೆ ಮಳೇಲಿ ಜೋರಾಗಿ ಬ್ರೇಕ್ ಹಾಕಿದ್ರೆ ಚಕ್ರ ಲಾಕ್ ಆಗುತ್ತೆ. ಆನ್‌ಲೈನಲ್ಲಿ ಸಿಗೋ ಅಗ್ಗದ ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಇಂಜಿನ್ ಕೋಡ್ ಅಷ್ಟೇ ಕಾಣೋದು, ಎರರ್ ಇಲ್ಲ ಅಂತ ತೋರ್ಸಿದ್ರೆ ನಂಬಬೇಡಿ. ಬ್ರೇಕು, ಆಲ್ ವೀಲ್ ಥರದವಕ್ಕೆ ಬರೋ, ಸಿ ಅಕ್ಷರದಿಂದ ಶುರುವಾಗೋ ಕೋಡ್ ಓದೋ ಸ್ಕ್ಯಾನರ್ ಬೇಕು.

ನನ್ ಗಾಡಿ ಟೆಸ್ಟಲ್ಲಿ ಸಲೀಸಾಗಿ ತಿರುಗ್ತು. ಟೀ ಕುಡಿದು ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಲೈಟೇ ಇಲ್ಲ. ಚನ್ನರಾಯಪಟ್ಟಣ ದಾಟಿದ್ಮೇಲೆ ಮತ್ತೆ ಬಂತು. ಹಿಂಗೆ ಬಂದು, ತಣ್ಣಗಾದ್ಮೇಲೆ ಹೋಗಿ, ಮತ್ತೆ ಬಂದ್ರೆ ಕಪ್ಲಿಂಗ್ ಬಿಸಿಯಾಗ್ತಿದೆ ಅಂತ ಅನುಮಾನ ಪಡಿ. ಹಾಸನದಲ್ಲಿ ಮೆಕಾನಿಕ್ ಗಾಡಿ ಎತ್ತೋದಕ್ಕೂ ಮುಂಚೆ ಟೈರ್ ನೋಡಿ ನಕ್ಬಿಟ್ಟ. ಹೊರಡೋ ವಾರದ ಹಿಂದೆ ದುಡ್ಡು ಉಳಿಸೋಣ ಅಂತ ಮುಂದಿನ ಎರಡು ಟೈರ್ ಮಾತ್ರ ಹೊಸದು ಹಾಕ್ಸಿದ್ದೆ, ಹಿಂದಿನವು ಅರ್ಧ ಸವೆದಿದ್ವು. ವ್ಯತ್ಯಾಸ 4 ಮಿಲಿಮೀಟರ್ ಅಷ್ಟೇ, ಅದ್ರಿಂದ ಏನಾಗುತ್ತೆ ಅಂದೆ. ಲೆಕ್ಕ ಹಾಕಿ ನೋಡಿ. ಸುಮಾರು 690 ಮಿಲಿಮೀಟರ್ ವ್ಯಾಸದ ಚಕ್ರ 4 ಮಿಲಿಮೀಟರ್ ಸವೆದ್ರೆ ವ್ಯಾಸ 8 ಕಮ್ಮಿ ಆಗುತ್ತೆ, ಒಂದು ಕಿಲೋಮೀಟರಿಗೆ ಹಿಂದಿನ ಚಕ್ರ ಐದು ಸುತ್ತು ಜಾಸ್ತಿ ಸುತ್ಬೇಕು. ಬೆಂಗಳೂರಿಂದ ಹಾಸನಕ್ಕೆ ಸುಮಾರು 180 ಕಿಲೋಮೀಟರ್, ಅಂದ್ರೆ ಹತ್ರ ಹತ್ರ ಸಾವಿರ ಸುತ್ತು. ಅಷ್ಟೂ ದಾರಿ ಆ ಪ್ಲೇಟುಗಳು ಉಜ್ಜಾಡ್ತಾ ಬಂದಿವೆ. ಹಾಸನದಲ್ಲೇ ಇನ್ನೆರಡು ಟೈರ್ ಹಾಕಿಸ್ದೆ, ಉಳಿಸಿದ ದುಡ್ಡು ಹೋಯ್ತು. ಗಾಳಿ ಹೆಚ್ಚು ಕಮ್ಮಿ ಇದ್ರೂ, ಅಳತೆ ಬೇರೆ ಇರೋ ಸ್ಟೆಪ್ನಿ ಹಾಕಿದ್ರೂ ಇದೇ ಕಥೆ, ಸ್ಟೆಪ್ನಿ ಹಾಕಿದ್ರೆ ಹತ್ರದ ಪಂಚರ್ ಅಂಗಡಿವರೆಗೆ ಮಾತ್ರ ಹೋಗಿ.

ಸರಿ, ಫ್ರಂಟ್ ವೀಲಲ್ಲೇ ಹೋಗ್ತೀನಿ ಅಂತ ತೀರ್ಮಾನ ಮಾಡಿದ್ರಿ. ಹೈವೇಲಿ 80 ದಾಟಿಸ್ಬೇಡಿ, ಓವರ್‌ಟೇಕ್‌ಗೆ ಕಿಕ್ ಕೊಟ್ಟು ಆಕ್ಸಿಲರೇಟರ್ ಒತ್ಬೇಡಿ, ಅರವತ್ತು ಎಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಸಿ ಅಡಿ ನೋಡಿ, ವಾಸನೆ ನೋಡಿ. ಡಿಫರೆನ್ಶಿಯಲ್ ಮುಟ್ಬೇಡಿ, ಕೈ ಸುಡುತ್ತೆ, ಹತ್ರ ಹಿಡಿದ್ರೆ ಬಿಸಿ ಗೊತ್ತಾಗುತ್ತೆ, ಹೋದ ಸಲಕ್ಕಿಂತ ಜಾಸ್ತಿ ಇದ್ಯಾ ಅನ್ನೋದೇ ಮುಖ್ಯ. ಘಾಟಿ ಇಳೀಬೇಕಾದ್ರೆ ಆಲ್ ವೀಲ್ ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಇದ್ರೂ ಬ್ರೇಕಿಂಗ್‌ಗೆ ಅದು ಸಹಾಯ ಮಾಡ್ತಿರ್ಲಿಲ್ಲ, ನಾಲ್ಕು ಚಕ್ರಕ್ಕೂ ಬ್ರೇಕ್ ಎಲ್ಲ ಗಾಡೀಲೂ ಇದ್ದೇ ಇದೆ. ಎರಡನೇ ಮೂರನೇ ಗೇರಲ್ಲಿ ಇಳ್ಸಿ, ನ್ಯೂಟ್ರಲ್ ಮಾಡ್ಬೇಡಿ. ವ್ಯತ್ಯಾಸ ಕಾಣೋದು ವಾಪಸ್ ಹತ್ತುವಾಗ, ಒದ್ದೆ ತಿರುವಲ್ಲಿ ನಿಂತು ಮತ್ತೆ ಹೊರಟ್ರೆ ಮುಂದಿನ ಚಕ್ರ ಜಾರುತ್ತೆ. ಮುಂದಿನ ಲಾರಿಗೆ ದೂರ ಬಿಟ್ಕೊಂಡು ನಿಲ್ಲದೇ ಹತ್ತೋ ಹಾಗೆ ನೋಡ್ಕೊಳ್ಳಿ.

ಹೋಗೋದಾ ಬೇಡ್ವಾ ಅನ್ನೋದನ್ನ ಹಾಸನದಲ್ಲೇ ತೀರ್ಮಾನ ಮಾಡಿ, ಹೆಚ್ಚಂದ್ರೆ ಸಕಲೇಶಪುರ. ದೋಣಿಗಾಲ್ ದಾಟಿದ್ಮೇಲೆ ಗುಂಡ್ಯವರೆಗೆ ಕಾಡು, ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ, ಮಳೇಲಿ ಗುಡ್ಡ ಕುಸಿದು ರೋಡ್ ಬಂದ್ ಆಗೋದೂ ಉಂಟು. ನ್ಯಾಷನಲ್ ಹೈವೇಲಿ ಸಹಾಯಕ್ಕೆ 1033 ಇದೆ, ಮೊದ್ಲೇ ಸೇವ್ ಮಾಡ್ಕೊಳ್ಳಿ.

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಡಿಕ್ಕೀಲಿ ಹಾಕ್ಕೊಂಡ್ ಹೋಗಿ ಸಾರ್ ಅಂತ ಹೇಳೋರು ಸಿಗ್ತಾರೆ. ನಾನು ಹೇಳಿದ ಥರದ ಕೆಲವು ಗಾಡಿಗೆ ಅದು ನಡೆಯುತ್ತೆ, ಬಿಚ್ಚಿದ ಜಾಗದಿಂದ ಎಣ್ಣೆ ಸೋರಬಾರ್ದು. ಯಾವಾಗ್ಲೂ ನಾಲ್ಕೂ ಚಕ್ರ ಎಳೆಯೋ, ಹಿಂದಕ್ಕೂ ಮುಂದಕ್ಕೂ ಶಕ್ತಿ ಹಂಚೋಕೆ ನಡುವೆ ಸೆಂಟರ್ ಡಿಫರೆನ್ಶಿಯಲ್ ಇರೋ ಫುಲ್ ಟೈಮ್ ಗಾಡೀಲಿ ಮಾಡಿದ್ರೆ ಗಾಡಿ ನಿಂತಲ್ಲೇ ನಿಲ್ಲುತ್ತೆ, ಇಲ್ಲಾ ಆ ಡಿಫರೆನ್ಶಿಯಲ್ಲೇ ಸುಟ್ಟೋಗುತ್ತೆ. ಆಲ್ ವೀಲ್ ಬಂದ್ ಮಾಡೋಕೆ ಅಂತ ಫ್ಯೂಸ್ ಕೀಳೋದೂ ಅಷ್ಟೇ, ಮ್ಯಾನುಯಲ್ ನೋಡದೇ ಕೈ ಹಾಕ್ಬೇಡಿ.

ಟೋಯಿಂಗ್‌ಗೆ ಫೋನ್ ಮಾಡೋ ಹಾಗಾದ್ರೆ "ಆಲ್ ವೀಲ್ ಡ್ರೈವ್ ಗಾಡಿ, ಫ್ಲಾಟ್‌ಬೆಡ್ಡೇ ಕಳ್ಸಿ" ಅಂತ ಎರಡು ಸಲ ಹೇಳಿ, ಫ್ಲಾಟ್‌ಬೆಡ್ ಅಂದ್ರೆ ಗಾಡೀನ ಪೂರ್ತಿ ಮೇಲೆ ಹೊತ್ಕೊಂಡು ಹೋಗೋ ಲಾರಿ. ಬರೋರು ಮುಂದಿನ ಚಕ್ರ ಎತ್ತಿ ಹಿಂದಿನವನ್ನ ರೋಡಲ್ಲಿ ಉರುಳಿಸ್ಕೊಂಡು ಎಳೆಯೋಕೆ ನೋಡ್ತಾರೆ, ಹತ್ರಾನೇ ಸಾರ್ ಏನಾಗಲ್ಲ ಅಂತಾರೆ. ಕಪ್ಲಿಂಗ್ ಕಚ್ಕೊಂಡಿರೋ ಗಾಡೀನ ಹಂಗೆ ಎಳೆದ್ರೆ ಅಲ್ಲೀವರೆಗೆ ಚೆನ್ನಾಗಿದ್ದ ಗೇರ್‌ಬಾಕ್ಸೂ ಹೋಗುತ್ತೆ. ಒಂದು ಗಂಟೆ ಲೇಟಾದ್ರೂ ಇನ್ನೊಂದು ಗಾಡಿಗೆ ಕಾಯ್ರಿ.